ಹೊಗೆ ಆಗದ ಸಾಹೇಬರಿಗೆ, ಪಾಪಾಸುಕಳ್ಳಿಯ ಕುರಿತು

ಮೇವು ಅಭಿವೃದ್ಧಿ ಅಧಿಕಾರಿಗಳ ದಿವ್ಯ ಸನ್ನಿಧಾನಕ್ಕೆ, ಒಂದೇ ಒಂದು ಹಸುವಿನ ಒಡತಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಮಾಡುವ ಸಗಣಿಗೈಯ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಫ್ಯಾನಿನ ಕೆಳಗೆ ಕುಳಿತವರಿಗೆ ಕ್ಷೇಮವಲ್ಲದೆ ಇನ್ನೇನು. ನಾಲ್ಕು ದಿನದ ಹಿಂದೆ ತಮ್ಮ ಕಚೇರಿಯ ಸಭಾಂಗಣದಲ್ಲಿ, ಬೇಲಿಯಲ್ಲಿ ಬಿಟ್ಟಿ ಬೆಳೆಯುವ ಪಾಪಾಸುಕಳ್ಳಿಯೇ ಮೆಲುಕು ಹಾಕುವ ಪ್ರಾಣಿಗಳಿಗೆ ಬೇಸಿಗೆಯ ಅಮೃತವೆಂದು ತಾವು ಒಂದೂವರೆ ಗಂಟೆ ಅಪ್ಪಣೆ ಕೊಡಿಸಿದಿರಿ. ಮುಳ್ಳಿನ ಗತಿಯೇನೆಂದು ನಾನು ಎದ್ದು ಕೇಳಿದ್ದಕ್ಕೆ, ಮೇಜಿನ ಮೇಲಿದ್ದ ತಟ್ಟೆಯಿಂದ ಅಂಗೈಯಗಲದ ಕಳ್ಳಿಯ ಎಲೆಯೊಂದನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡು, “ನೋಡಮ್ಮಾ, ಎಲ್ಲಿದೆ ಮುಳ್ಳು? ಓದಿದವರು ಹೇಳಿದ್ದನ್ನ ಸ್ವಲ್ಪ ನಂಬೋದು ಕಲಿ” ಎಂದಿರಿ. ಸಭೆಯೆಲ್ಲ ನಕ್ಕಿತು.

ಮನೆಗೆ ಬಂದವಳೇ ಬೇಲಿಯ ಕಳ್ಳಿ ತಂದು, ಕಣ್ಣಿಗೆ ಕಂಡ ದೊಡ್ಡ ಮುಳ್ಳುಗಳನ್ನು ಕತ್ತರಿಸಿ ಬಿಸಾಡಿ, ಬೂಸಾ ಬೆರೆಸಿ ಇಟ್ಟೆ. ನಮ್ಮ ಹಸುವನ್ನು ನಾವು ಮುಂಗೋಪಿ ಎಂದು ಕರೆಯುತ್ತೇವೆ. ಅವಳು ಮೂಸಿ ಹಿಂದೆ ಸರಿದಳು. ಕೊರಳಡಿ ಜೋಲುವ ಗಂಗೆದೊಗಲು ಸವರಿ, ಪುಸಲಾಯಿಸಿ ತಿನ್ನಿಸಿದವಳು ನಾನೇ. ಕೂದಲಿಗಿಂತ ಸಣ್ಣ ಮುಳ್ಳುಗಳು ಈಗ ಅವಳ ನಾಲಿಗೆಯ ತುಂಬ, ಒಸಡಿನ ತುಂಬ ನೆಟ್ಟಿವೆ. ಮೂರು ದಿನದಿಂದ ಮೇವಿಲ್ಲ, ಮೆಲುಕಿಲ್ಲ. ಕರು ಬತ್ತಿದ ಕೆಚ್ಚಲಿಗೆ ಗುದ್ದಿ ಗುದ್ದಿ ಅರಚುತ್ತಿದೆ. ಅತ್ತೆಯವರು ಮಾವನ ಕನ್ನಡಕ ಹಾಕಿಕೊಂಡು ಚಿಮುಟದಲ್ಲಿ ಒಂದೊಂದೇ ಮುಳ್ಳು ಕೀಳುತ್ತಿದ್ದಾರೆ, ನನ್ನೊಡನೆ ಮಾತು ಬಿಟ್ಟಿದ್ದಾರೆ. ನನಗೂ ಮುಂಗೋಪಿಯ ಮುಖ ನೋಡಲು ಧೈರ್ಯವಿಲ್ಲ.

ತಮ್ಮನ್ನು ಕಾಣಲು ಕಚೇರಿಗೆ ಬಂದೆ. ತಾವು ಇನ್ನೊಂದು ಊರಿನಲ್ಲಿ ಕಳ್ಳಿಗೆ ಕೆನ್ನೆ ಒತ್ತುತ್ತಿದ್ದಿರಂತೆ. ಸಿಕ್ಕಿದವರು ತಮ್ಮ ಜವಾನರು: “ಸುಡದೇ ಹಾಕಿಬಿಟ್ರಾ ಅಕ್ಕಾ? ಬೆಂಕೀಲಿ ಹಿಡಿದು ಮುಳ್ಳು ಪೂರ್ತಿ ಸುಡಬೇಕು. ಅವತ್ತು ನಾನೇ ಹಿತ್ತಲಲ್ಲಿ ಕೂತು ಸುಟ್ಟು, ತೊಳೆದು, ತಟ್ಟೇಲಿ ಜೋಡಿಸಿ ಇಟ್ಟಿದ್ದೆ. ಸಾಹೇಬ್ರಿಗೆ ಹೊಗೆ ಆಗಲ್ಲ ನೋಡಿ.”

ಮಾನ್ಯರೇ, ಕಳ್ಳಿಯ ಮೇಲೆ ನನಗೆ ಕೋಪವಿಲ್ಲ. ಸುಟ್ಟು, ಒಣಹುಲ್ಲು ಬೆರೆಸಿ ಕೊಟ್ಟರೆ ಒಳ್ಳೆಯ ಮೇವೇ ಅಂತೆ; ಅದು ತನ್ನ ಮುಳ್ಳನ್ನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಹಿತ್ತಲಿನ ಬೆಂಕಿಯ ಸುದ್ದಿ ತಮಗೆ ಗೊತ್ತಿದ್ದೂ ಹೇಳಲಿಲ್ಲವೋ, ಗೊತ್ತೇ ಇರಲಿಲ್ಲವೋ, ಯಾವುದು ಹೆಚ್ಚು ನಾಚಿಕೆಗೇಡೆಂದು ನನ್ನಂಥ ಓದದವಳಿಗೆ ತಿಳಿಯುತ್ತಿಲ್ಲ. ದಯಮಾಡಿ ಜವಾನರನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ತಾವು ಹಿತ್ತಲಿಗೆ ಚಿತ್ತೈಸಬೇಕು. ಅಲ್ಲದೆ ಮುಂಗೋಪಿ ಚೇತರಿಸಿಕೊಳ್ಳುವವರೆಗೆ ಅವಳ ಪಾಲಿನ ಮೆಲುಕನ್ನು ತಾವೇ ಹಾಕಿಕೊಡಬೇಕು. ಒಂದೇ ಭಾಷಣವನ್ನು ಊರೂರಿನಲ್ಲಿ ಅಗಿಯುವ ತಮಗೆ ಅದೇನೂ ಕಷ್ಟವಾಗಲಾರದು.

ಒಮ್ಮೆ ನಂಬುವುದನ್ನು ಕಲಿತ,
ತಮ್ಮ ವಿಶ್ವಾಸಿ,
ಮುಂಗೋಪಿಯ ಒಡತಿ

ಮರೆತ ಮಾತು: ಪತ್ರದ ಜೊತೆಗೆ ನಮ್ಮ ಬೇಲಿಯ ಒಂದು ಎಲೆಯನ್ನೂ ಕಳಿಸಿದ್ದೇನೆ, ಮುಂದಿನ ಸಭೆಯಲ್ಲಿ ಕೆನ್ನೆಗೆ ಒತ್ತಿಕೊಳ್ಳಲು ಇರಲಿ. ಸುಟ್ಟಿಲ್ಲ, ತಮಗೆ ಹೊಗೆ ಆಗುವುದಿಲ್ಲವಲ್ಲ.