ಅರ್ಧ ಸೆಕೆಂಡು ಮುಂಚಿನ ನಗು

ಟಿವಿಯೊಳಗಿನ ಜನ ನಗುವುದಕ್ಕಿಂತ ಅರ್ಧ ಸೆಕೆಂಡು ಮೊದಲೇ ನಮ್ಮ ಕಾಕಾ ನಗುತ್ತಾರೆ. ಹಾಸ್ಯ ತಡವಾಗಿ ಅರ್ಥವಾಗುವವರನ್ನು ನೀವು ಬೇಕಾದಷ್ಟು ಕಂಡಿರಬಹುದು. ಹಾಸ್ಯ ಹುಟ್ಟುವ ಮೊದಲೇ ನಕ್ಕು ಮುಗಿಸುವವರನ್ನು? ಅದಕ್ಕೆ ನೀವು ಲಂಡನ್ನಿನ ಹ್ಯಾರೋಗೇ ಬರಬೇಕು!

ಕಾಕಾ ನಮ್ಮಪ್ಪನ ತಮ್ಮ. ಧಾರವಾಡ ಬಿಟ್ಟವರು ಇಲ್ಲೇ ಹತ್ತಿರದ ಗ್ರೀನ್‌ಫರ್ಡಿನ ಒಂದು ಡಬ್ಬಿ ಕಾರ್ಖಾನೆಯಲ್ಲಿ ದುಡಿದು, ನಾನು ಎಂ.ಎ. ಓದಲು ಅವರ ಮನೆಗೆ ಬರುವ ಹೊತ್ತಿಗೆ ನಿವೃತ್ತರಾಗಿದ್ದರು. ಒಮ್ಮೆ ಬಿಳಿಯ ಡಾಕ್ಟರು ರಕ್ತಪರೀಕ್ಷೆಯ ಫಲಿತಾಂಶ ಹೇಳಲು ಗಂಟಲು ಸರಿಮಾಡಿಕೊಂಡರಂತೆ. ಅಷ್ಟಕ್ಕೇ ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾಪ, ದಾಕ್ಷಿಣ್ಯಕ್ಕೆ ಡಾಕ್ಟರೂ ನಕ್ಕರು. ಕೊಲೆಸ್ಟ್ರಾಲ್ ಮಾತ್ರ ನಗಲಿಲ್ಲ!

"ಮಂದಿ ಮುಂದ ಹಿಂಗ," ಎಂದು ಅವರ ಹೆಂಡತಿ, ನಮ್ಮ ಕಾಕು, ಗೊಣಗುತ್ತಿದ್ದರು. "ನಾ ಏನರೆ ಚಾಷ್ಟಿ ಮಾಡಿದ್ರ ಮರುದಿನ ನಗತಾರ!"

ಊರೆಲ್ಲ ಡಿವಿಡಿಗೆ ಹೊರಳಿದರೂ ಕಾಕಾ ಮಾತ್ರ ವಿಡಿಯೋ ಕ್ಯಾಸೆಟ್ಟು ಬಿಟ್ಟಿರಲಿಲ್ಲ. ಶನಿವಾರ ಊಟವಾದ ಮೇಲೆ ಮಂಡಕ್ಕಿ ಗಿರಮಿಟ್ಟಿನ ಬಟ್ಟಲು ಹಿಡಿದು, ಎಪ್ಪತ್ತರ ದಶಕದ ಇಂಗ್ಲಿಷ್ ಹಾಸ್ಯ ಧಾರಾವಾಹಿಗಳ ಮುಂದೆ ಕೂರುವರು. ಎಂಥ ಹಾಸ್ಯ ಅಂತೀರಿ! ಬಿಳಿಯ ನಟನೊಬ್ಬ ಮುಖಕ್ಕೆ ಬೂಟಿನ ಪಾಲಿಶಿನಂಥ ಬಣ್ಣ ಬಳಿದುಕೊಂಡು, ರುಮಾಲು ಸುತ್ತಿ, ಕೀಲುಗೊಂಬೆಯಂತೆ ತಲೆಯಾಡಿಸುತ್ತ 'ಭಾರತೀಯ'ನಾಗಿ ಬರುತ್ತಿದ್ದ. ಅವನು ಬಾಯಿ ತೆರೆದರೆ ಸಾಕು, ಕಾಣದ ಪ್ರೇಕ್ಷಕರು ಉರುಳಾಡಿ ನಗುತ್ತಿದ್ದರು. ಅವರಿಗಿಂತ ಅರ್ಧ ಸೆಕೆಂಡು ಮೊದಲು, ನಮ್ಮ ಕಾಕಾ.

ನಾನೋ, ಆಗಷ್ಟೇ ಇಂಥ ಕಾರ್ಯಕ್ರಮಗಳ ಮೇಲೆ ಪ್ರಬಂಧ ಬರೆದು ಕೊಟ್ಟವಳು. ಒಂದು ಶನಿವಾರ ತಡೆಯಲಾರದೆ ಎದ್ದು ಟಿವಿ ಆರಿಸಿದೆ.

"ಕಾಕಾ, ಅವರು ನಗಲಿಕ್ಕತ್ತಿದ್ದು ನಮ್ಮನ್ನ ನೋಡಿ. ನಿಮಗ ಸಿಟ್ಟು ಬರೂದಿಲ್ಲೇನು? ಇವನ್ನೆಲ್ಲಾ ಒಗದುಬಿಡ್ರಿ."

"ಯವ್ವಾ, ನಿಮ್ಮ ಯೂನಿವರ್ಸಿಟಿಗಿಂತ ಮೊದಲ ನನಗ ಗೊತ್ತಾಗಿತ್ತದು," ಎಂದರು ಕಾಕಾ, ಗಿರಮಿಟ್ಟು ಅಗಿಯುತ್ತಲೇ. "ಸಂಜೀಕ ಟಿವಿಯೊಳಗ ಬಂದದ್ದು ಮುಂಜಾನೆ ಕಾರ್ಖಾನೆ ಕ್ಯಾಂಟೀನಿಗೆ ಬರ್ತಿತ್ತು. ಅದ ಮಾತು, ಅದ ತಲಿ ಅಲ್ಲಾಡಸೂದು, ನನ್ನ ಮ್ಯಾಲೆ. ಅದಕ್ಕ ನಾನೂ ತಪ್ಪದ ನೋಡ್ತಿದ್ದೆ, ಹವಾಮಾನದ ಸುದ್ದಿ ನೋಡಿದಂಗ. ನಾಳೆ ಏನು ಬೀಳತದ ಅಂತ ಗೊತ್ತಿದ್ರ ಛತ್ರಿ ಒಯ್ಯಬಹುದಲ್ಲ?"

"ಛತ್ರಿ?"

"ಅವರು ಬಾಯಿ ತಗಿಯೂದರಾಗ ನಾನ ಮೊದಲ ನಕ್ಕಬಿಡ್ತಿದ್ದೆ. ಅವರ ಮಸಡಿ ನೋಡಬೇಕಿತ್ತು!"

ಎಂದವರು ತಾವು ನಗಲಿಲ್ಲ. ಒಳಗೆ ಪಾತ್ರೆ ತೊಳೆಯುತ್ತಿದ್ದ ಕಾಕು ನಲ್ಲಿ ನಿಲ್ಲಿಸಿದ್ದು ಕೇಳಿಸಿತು.

"ಮತ್ತ ಈಗ ಯಾಕ ನೋಡ್ತೀರಿ, ಕಾಕಾ?"

"ಈಗ ಮುಂಜಾನೆ ಕ್ಯಾಂಟೀನಿಲ್ಲಲ್ಲ! ಆಗ ಹೆದರಿಕೊಂತ ನೋಡಿದ್ದು. ಅದರಾಗ ಖರೇನ ನಗು ಬರೂವಂಥಾದ್ದು ಏನರೆ ಇತ್ತೇನು ಅಂತ ಹುಡುಕಲಿಕ್ಕತ್ತೀನಿ. ಆದ್ರ ಏನಾಗೇದ ಅಂದ್ರ, ಆ ಮಂದಿ ನಗೂ ಹೊತ್ತಾತು ಅಂದ್ರ ಸಾಕು, ನನ್ನ ಬಾಯಿ ತಾನ ನಕ್ಕಬಿಡತದ."

"ಏನೂ ಸಿಗಲಿಲ್ಲೇನು?"

"ಒಂದು ಸಿಕ್ಕದ. ಮೂಳ, ಮಾರಿಗೆ ಬಣ್ಣ ಬಳಕೊಂಡಾನ, ಕೈಗೆ ಬಳಕೊಳ್ಳೂದು ಮರ್ತಾನ!"

ಮರುದಿನ ಬೆಳಿಗ್ಗೆ ಕಾಕಾ ಚಹಾ ಕುಡಿಯುತ್ತಿದ್ದಾಗ ನಾನೇ ಆ ಕ್ಯಾಸೆಟ್ಟು ಹಾಕಿದೆ. ರಿಮೋಟು ತೆಗೆದುಕೊಂಡು ಸದ್ದು ಪೂರ್ತಿ ಅಡಗಿಸಿ, ಅವರ ಪಕ್ಕದಲ್ಲಿ ಕುಳಿತೆ. ರುಮಾಲಿನವನು ಬಂದ, ತಲೆಯಾಡಿಸಿದ, ಬಾಯಿ ತೆರೆದ. ಯಾರೂ ನಗಲಿಲ್ಲ. ಕಾಕಾ ಕೂಡ. ಆಮೇಲೆ ಅವನು ಕೈಮುಗಿಯಲು ಎರಡೂ ಕೈ ಎತ್ತಿದ. ಎಳೆ ಮೂಲಂಗಿಯಂಥ ಬೆಳ್ಳನೆಯ ಕೈಗಳು!

ನಾವಿಬ್ಬರೂ ಒಟ್ಟಿಗೇ ನಕ್ಕೆವು.