ಪಕ್ಕದ ಸೀಟು

ಮದುವೆಯಾದ ಇಷ್ಟು ವರ್ಷಗಳಲ್ಲಿ ನಿಧಾನಪ್ಪ ಒಮ್ಮೆಯೂ ಬಸ್ಸಿನಲ್ಲಿ ಹೆಂಡತಿಯ ಪಕ್ಕ ಕೂತವನಲ್ಲ. ಆ ದಿನದ ಅನಾಹುತಕ್ಕೆಲ್ಲ ಅದೇ ಮೂಲ.

ನಿಧಾನಪ್ಪ ಎಂಬುದು ಅವನ ಡಿಪೋದವರು ಇಟ್ಟ ಹೆಸರು. ಬಸ್ ಓಡಿಸುವುದರಲ್ಲಿ ಅವನಷ್ಟು ಜಾಗ್ರತೆಯವನು ಇನ್ನೊಬ್ಬನಿರಲಿಲ್ಲ. ಆದರೆ ಡ್ರೈವರ್ ಎಂದು ಗೊತ್ತಾದ ಮೇಲೆ ನೆಂಟರು ಬಿಡುತ್ತಾರೆಯೆ? ಮದುವೆಗೆ ಹೋದರೆ ಗಂಡಿನ ಕಡೆಯವರ ವ್ಯಾನು, ಸಾವಿನ ಮನೆಗೆ ಹೋದರೆ ಹೆಣದ ವ್ಯಾನು. ಸ್ಟೇರಿಂಗ್ ಮಾತ್ರ ಇವನ ಕೈಗೇ. ಹೆಂಡತಿ ಹಿಂದೆ ಕೂತು ಅವನ ಕುತ್ತಿಗೆ ನೋಡಿಕೊಂಡೇ ಸಂಸಾರ ಮಾಡಿದ್ದಳು.

ಅದಕ್ಕೇ ಗುರುತು ಪರಿಚಯವಿಲ್ಲದ ಈ ಊರನ್ನು ನೋಡಲು ಬಂದಾಗ ಲಾಡ್ಜಿನ ಬಾಗಿಲಲ್ಲೇ ಅವಳು ಕರಾರು ಹಾಕಿದಳು.

"ನೋಡಿ, ಇವತ್ತು ನೀವು ಡ್ರೈವರ್ ಅಂತ ಒಂದು ನರಪಿಳ್ಳೆಗೂ ಗೊತ್ತಾಗ್ಬಾರ್ದು. ನನ್ನ ಪಕ್ಕ ಕೂತ್ಕೊಂಡು ಅದು ನೋಡೇ, ಇದು ನೋಡೇ ಅಂತ ತೋರಿಸ್ಬೇಕು. ಸ್ಟೇರಿಂಗ್ ಮುಟ್ಟಿದ್ರೋ, ಇಲ್ಲಿಂದಲೇ ತವರಿಗೆ ಹೋಗ್ತೀನಿ."

"ನಿನ್ನಾಣೆ ಮುಟ್ಟಲ್ಲ ಕಣೇ."

ಅವಳದು ಬರೀ ಬಾಯಿಮಾತಲ್ಲ. ಹಿಂದೊಮ್ಮೆ ಹೀಗೇ ಹೇಳಿ ಹೋದವಳು ತಿರುಗಿ ಬರಲು ಒಂದು ಮಳೆಗಾಲ ಕಳೆಯಬೇಕಾಯಿತು. ಅಷ್ಟರಲ್ಲಿ ತನ್ನ ಅಡುಗೆ ತಾನೇ ತಿಂದು ನಿಧಾನಪ್ಪ ಅರ್ಧಕ್ಕರ್ಧ ಇಳಿದುಹೋಗಿದ್ದ.

ಊರು ತೋರಿಸುವ ಬಸ್ಸು ಲಾಡ್ಜಿನ ಮಾಲೀಕನದೇ. ಗಂಡ ಹೆಂಡತಿ ಎರಡನೇ ಸಾಲಿನಲ್ಲಿ ಕೂತರು. ಮೊದಲ ಸೀಟಿನಲ್ಲಿ ಕೆಂಪು ಶಾಲಿನ ಹೆಂಗಸೊಬ್ಬಳು ಒಂಟಿಯಾಗಿ ಕಡಲೆಕಾಯಿ ಬಿಡಿಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ನಿವೃತ್ತ ಹೆಡ್‌ಮಾಸ್ತರು. ಪ್ರಶ್ನೆ ಕೇಳದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ.

"ತಮ್ಮ ಕಸುಬು?"

"ಗಡಿಯಾರ ರಿಪೇರಿ," ಎಂದುಬಿಟ್ಟ ನಿಧಾನಪ್ಪ. ಬಾಯಿಗೆ ಬಂದದ್ದು ಅದೇ.

"ಭಲೆ! ನನ್ನದು ನಿಂತು ಎಷ್ಟೋ ದಿನ ಆಯ್ತು. ಹಾಗೇ ಸ್ವಲ್ಪ ನೋಡಿಬಿಡಿ!" ಮಾಸ್ತರು ಕೈಗಡಿಯಾರ ಬಿಚ್ಚಿ ಅವನ ತೊಡೆಯ ಮೇಲೆ ಹಾಕಿಯೇಬಿಟ್ಟರು.

ಹೆಂಡತಿಯ ಪಿನ್ನು ಇಸಕೊಂಡು ನಿಧಾನಪ್ಪ ಮುಚ್ಚಳ ಎಬ್ಬಿಸಿದ. ಬಸ್ಸು ತಿರುವಿನಲ್ಲಿ ವಾಲಿತು. ಒಳಗಿನಿಂದ ಏನೋ ಸಣ್ಣದೊಂದು ಚಿಮ್ಮಿ ಸೀಟಿನಡಿ ಮಾಯವಾಯಿತು. ಅವನು ಮೆಲ್ಲಗೆ ಮುಚ್ಚಳ ಒತ್ತಿ, "ಎಣ್ಣೆ ಬೇಕು ಸಾರ್," ಎಂದ.

ಗಡಿಯಾರದ ಗೋಪುರದ ಮುಂದೆ ಬಸ್ಸು ನಿಂತಾಗ ಆ ಗಡಿಯಾರವೂ ಕೆಟ್ಟು ನಿಂತಿರಬೇಕೆ? ಮಾಸ್ತರು ಆಗಲೇ ಬಸ್ಸಿಗೆಲ್ಲ ಸುದ್ದಿ ಹಬ್ಬಿಸಿದ್ದರು. ಗೋಪುರ ನೋಡುವುದು ಬಿಟ್ಟು ಎಲ್ಲರೂ ಇವನ ಮುಖ ನೋಡಿದರು.

"ಏನಾಗಿರ್ಬಹುದು ಸಾರ್?"

"ಎಣ್ಣೆ," ಎಂದ ನಿಧಾನಪ್ಪ, ಹಣೆ ಒರೆಸಿಕೊಳ್ಳುತ್ತ.

ಆದರೆ ಅವನ ನಿಜವಾದ ಸಂಕಟ ಗಡಿಯಾರದ್ದಲ್ಲ. ಮುಂದೆ ನೀಲಿ ಕೋಟು ಹಾಕಿ ಕೂತಿದ್ದ ಡ್ರೈವರ್‌ನದು. ಪುಣ್ಯಾತ್ಮ ಬ್ರೇಕನ್ನು ಹಾಕಬೇಕಾದ ಕಡೆ ಹಾಕದೆ, ಆಮೇಲೆ ನೆನಪಾದವನಂತೆ ಹಾಕುತ್ತಿದ್ದ. ಪ್ರತಿ ತಿರುವಿಗೂ ನಿಧಾನಪ್ಪನ ಬಲಗಾಲು ಖಾಲಿ ನೆಲವನ್ನು ಒತ್ತುತ್ತಿತ್ತು. ಎಡಗೈ ಹೆಂಡತಿಯ ತೋಳನ್ನು ಗೇರಿನಂತೆ ಹಿಡಿದಿತ್ತು.

"ಅಲ್ಲಿ ನೋಡಿ, ಎಷ್ಟು ಚೆಂದದ ಸೇತುವೆ!" ಎಂದಳು ಹೆಂಡತಿ.

"ಸೈಕಲ್! ಸೈಕಲ್ ಬಂತು!" ಎಂದ ಗಂಡ.

ಕೆರೆ ದಂಡೆಯ ಹೋಟೆಲಿನಲ್ಲಿ ಊಟ. ಬಿಸಿ ಸೂಪು, ಹುರಿದ ಮೀನು, ನೀರಿನ ಮೇಲೆ ಬಾತುಕೋಳಿಗಳು. ಹೆಂಡತಿ ಚಪ್ಪರಿಸಿ ತಿಂದಳು. ನಿಧಾನಪ್ಪನಿಗೆ ತುತ್ತು ಇಳಿಯಲಿಲ್ಲ. ಆಚೆ ಮೇಜಿನಲ್ಲಿ ಆ ಡ್ರೈವರ್ ಎರಡು ತಟ್ಟೆ ಮೀನು ಖಾಲಿ ಮಾಡುತ್ತಿದ್ದ. ಊಟವಾದ ಮೇಲೆ ಬೆಟ್ಟ ಹತ್ತಬೇಕು, ಟೈರು ಕೂಡ ಮುಟ್ಟಿ ನೋಡಿರಲಿಲ್ಲ.

"ರೀ, ಕೆರೆ ಈ ಕಡೆ ಇದೆ."

"ಹೂಂ, ನೋಡ್ದೆ. ತುಂಬಾ ಸವೆದಿದೆ."

ಬೆಟ್ಟದ ರಸ್ತೆಯಲ್ಲಿ ಬಸ್ಸು ಒಂಬತ್ತು ತಿಂಗಳ ಬಸುರಿಯಂತೆ ಏದುಸಿರು ಬಿಡುತ್ತ ಏರಿತು. ತುದಿಯ ಹಳೇ ಕೋಟೆಯನ್ನು ಎಲ್ಲರೂ ಸುತ್ತಿ ಬರುವ ಹೊತ್ತಿಗೆ ಮೋಡ ಕವಿದು ಗಾಳಿ ಎದ್ದಿತ್ತು. ಬಂದು ನೋಡಿದರೆ ಡ್ರೈವರ್ ಬಸ್ಸಿನ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದು ಮುದುರಿ ಕೂತಿದ್ದ.

"ಅಯ್ಯೋ, ನನ್ನ ಕೈಲಾಗಲ್ಲ. ಕಣ್ಣು ಕತ್ತಲೆ ಬರ್ತಿದೆ."

ಮಳೆಹನಿ ಬಿತ್ತು. ಒಂದು ಮಗು ಅಳತೊಡಗಿತು. ಒಬ್ಬ ಅಜ್ಜಿ ತನ್ನ ಮಾತ್ರೆಗಳು ಲಾಡ್ಜಿನಲ್ಲೇ ಉಳಿದಿವೆ ಎಂದು ಗೋಳಾಡಿದಳು. ಡ್ರೈವರ್ ತಲೆಯೆತ್ತಿ ನೆಟ್ಟಗೆ ನಿಧಾನಪ್ಪನನ್ನೇ ನೋಡಿದ.

"ಅಣ್ಣಾ, ನೀವೇ ಓಡಿಸ್ಬೇಕು."

"ನಾನಾ? ನಾನು ಗಡಿಯಾರ..."

"ಗಡಿಯಾರದೋರು ನೆಲಕ್ಕೆ ಬ್ರೇಕ್ ಹಾಕಲ್ಲ ಅಣ್ಣ. ಬೆಳಿಗ್ಗೆಯಿಂದ ಕನ್ನಡೀಲಿ ನಿಮ್ಮ ಮಂಡಿ ನೋಡ್ತಾನೇ ಇದೀನಿ. ನಾನು ತಡ ಮಾಡಿದಾಗೆಲ್ಲ ನೀವು ಹೊತ್ತಿಗೆ ಸರಿಯಾಗಿ ಒತ್ತಿದ್ದೀರಿ."

"ಹಾಗಾದ್ರೆ ನನ್ನ ಗಡಿಯಾರ?" ಎಂದರು ಮಾಸ್ತರು.

ನಿಧಾನಪ್ಪ ಹೆಂಡತಿಯ ಕಡೆ ತಿರುಗಿದ.

"ಏನೇ ಮಾಡ್ಲಿ?"

"ನನ್ನನ್ಯಾಕೆ ಕೇಳ್ತೀರಿ?" ಎಂದು ಅವಳು ಬಸ್ಸು ಹತ್ತಿ ಕೂತಳು. ಈ ಮಾತಿನ ಅರ್ಥ ಗಂಡನಾದ ಯಾವನಿಗಾದರೂ ಗೊತ್ತು. ಆದರೂ ಅಳುವ ಮಗುವನ್ನು, ಅಜ್ಜಿಯನ್ನು ಬೆಟ್ಟದ ಮೇಲೆ ಬಿಟ್ಟು ಹೋಗಲಾದೀತೆ? ಡ್ರೈವರ್ ಬಿಚ್ಚಿಕೊಟ್ಟ ನೀಲಿ ಕೋಟು ತೊಟ್ಟು ನಿಧಾನಪ್ಪ ಸ್ಟೇರಿಂಗ್ ಹಿಡಿದ.

ಮೊದಲ ತಿರುವಿನಲ್ಲೇ ಬ್ರೇಕು ಹತ್ತಿಯ ಹಾಗೆ ಒಳಕ್ಕೆ ಹೋಯಿತು. ಒಂದೊಂದೇ ಗೇರು ಇಳಿಸುತ್ತ, ಉಸಿರು ಬಿಗಿಹಿಡಿದು, ಪ್ರಪಾತದ ಅಂಚನ್ನು ಕಣ್ಣಲ್ಲೇ ಅಳೆಯುತ್ತ ಬಸ್ಸನ್ನು ಮಗುವಿನಂತೆ ನಡೆಸಿಕೊಂಡು ಬಂದ. ಸಂದು ಸಿಕ್ಕಾಗ ಕನ್ನಡಿಯಲ್ಲಿ ನೋಡಿದ. ಹೆಂಡತಿಯ ಮುಖ ಕಿಟಕಿಯ ಕಡೆಗೇ ಇತ್ತು, ಇವನತ್ತ ಒಮ್ಮೆಯೂ ತಿರುಗಲಿಲ್ಲ. ಇವತ್ತು ತವರು ಖಂಡಿತ ಎಂದುಕೊಂಡ.

ಆ ಡ್ರೈವರ್‌ನ ಹೊಟ್ಟೆನೋವು ಮಾತ್ರ ಎರಡನೇ ತಿರುವಿಗೇ ವಾಸಿಯಾಗಿತ್ತು. ಅವನು ಕೆಂಪು ಶಾಲಿನ ಹೆಂಗಸಿನ ಪಕ್ಕ ಕೂತು, ಅವಳು ಬಿಡಿಸಿಕೊಟ್ಟ ಕಡಲೆಕಾಯಿ ತಿನ್ನುತ್ತ, ಅದು ನೋಡು, ಇದು ನೋಡು ಎಂದು ಕೈತೋರಿಸುತ್ತಿದ್ದ. ಯಾರದೋ ಹೆಂಡತಿಯ ಪಕ್ಕ ಹೀಗೆ ಅಂಟಿಕೊಂಡು ಕೂರಲು ನಾಚಿಕೆ ಬೇಡವೆ ಎಂದು ನಿಧಾನಪ್ಪ ಹಲ್ಲು ಕಡಿದ.

ಕೆಳಗೆ ಇಳಿದ ಮೇಲಾದರೂ ಬಿಡುಗಡೆಯೇ? ಬ್ರೇಕನ್ನೇನೋ ಗ್ಯಾರೇಜಿನವರು ಸರಿಮಾಡಿಕೊಟ್ಟರು. ಆದರೆ ಸ್ಟೇರಿಂಗ್ ಎಂದೊಡನೆ ಆ ಡ್ರೈವರ್ ಮತ್ತೆ ಹೊಟ್ಟೆ ಹಿಡಿದುಕೊಂಡ. ಆಮೇಲೆ ಮ್ಯೂಸಿಯಂ, ತೋಟ, ಪೇಟೆ ಎಲ್ಲವೂ ನಿಧಾನಪ್ಪನ ತಲೆಗೇ ಬಂದವು. ಹೆಂಡತಿ ಒಳಗೆ ಹೋಗಿ ನೋಡಿ ಬರುತ್ತಿದ್ದಳು. ಇವನು ಬಸ್ಸು ನಿಲ್ಲಿಸಲು ಜಾಗ ಹುಡುಕುತ್ತಿದ್ದ.

ಸಂಜೆ ಲಾಡ್ಜಿನ ಅಂಗಳದಲ್ಲಿ ಡ್ರೈವರ್ ಕೈಯಲ್ಲಿ ಪೆಟ್ಟಿಗೆ ಹಿಡಿದು ಬಂದ. ಪಕ್ಕದಲ್ಲೇ ಕೆಂಪು ಶಾಲು.

"ಬರ್ತೀವಣ್ಣ. ನಿಮ್ಮ ಉಪಕಾರ ಮರೆಯಲ್ಲ."

"ಎಲ್ಲಿಗೆ? ನಾಳೆ ಬಸ್ಸು?"

"ನಾನು ಈ ಊರೋನೇ ಅಲ್ಲಣ್ಣ! ಇವಳು ನನ್ನ ಹೆಂಡ್ತಿ. ಸೋಮವಾರ ನಿಮ್ಮ ಹಾಗೇ ಊರು ನೋಡೋಕೆ ಬಂದ್ವಿ. ಆಗ ಓಡಿಸ್ತಿದ್ದೋನು ನನ್ನ ಮಂಡಿ ನೋಡ್ದ, ಅವನಿಗೆ ಹೊಟ್ಟೆ ನೋವು ಬಂತು. ಈ ಮಾಲೀಕರ ಸ್ವಂತ ಡ್ರೈವರ್ ಬಿಟ್ಟು ಹೋಗಿ ಯಾವ ಕಾಲ ಆಯ್ತೋ! ಇವತ್ತೇ ನೋಡಿ, ನಾನು ಇವಳ ಪಕ್ಕ ಕೂತಿದ್ದು."

ಅವರಿಬ್ಬರನ್ನು ಹತ್ತಿಸಿಕೊಂಡು ಟ್ಯಾಕ್ಸಿ ಹೊರಟುಹೋಯಿತು. ಮಾಲೀಕ ಬಾಗಿಲಲ್ಲಿ ಕೈಮುಗಿದು ನಗುತ್ತ ನಿಂತಿದ್ದ. ಅವನು ಬಾಯಿ ತೆರೆಯುವ ಮೊದಲೇ ನಿಧಾನಪ್ಪ ಮೆಟ್ಟಿಲು ಹಾರಿಕೊಂಡು ರೂಮಿಗೆ ಓಡಿದ. ಕಾಲಿಗೆ ಬಿದ್ದಾದರೂ ಹೆಂಡತಿಯನ್ನು ಒಪ್ಪಿಸಿ ಈಗಲೇ ಊರು ಸೇರಬೇಕು.

ರೂಮು ಖಾಲಿ. ಅವಳ ಚೀಲವಿಲ್ಲ, ಚಪ್ಪಲಿಯಿಲ್ಲ. ನಿಧಾನಪ್ಪ ಮಂಚದ ಮೇಲೆ ಕುಸಿದ. ಕಣ್ಣಲ್ಲಿ ನೀರು ಬಂದೇಬಿಟ್ಟಿತು.

"ರೀ, ಅಲ್ಲೇನ್ ಮಾಡ್ತಿದೀರಿ? ಮೇಲೆ ಬನ್ನಿ!"

ಮೇಲಿನ ಮಹಡಿಯ ದೊಡ್ಡ ರೂಮಿನ ಬಾಲ್ಕನಿಯಲ್ಲಿ ಅವಳು ಕಾಲು ಚಾಚಿ ಕೂತಿದ್ದಳು. ಎದುರಿಗೆ ಇಡೀ ಕೆರೆ.

"ನೀವು ಬಸ್ಸು ಓಡಿಸಿದ್ರೆ ಒಂದು ವಾರ ರೂಮು ಊಟ ಎಲ್ಲ ಬಿಟ್ಟಿ ಅಂದ್ರು ಮಾಲೀಕರು. ನಾನು ಹೂಂ ಅಂದೆ."

"ಅಲ್ಲ ಕಣೇ, ನಾನು ನಿನ್ನ ಪಕ್ಕ ಕೂರ್ಬೇಕು ಅಂತ ನೀನೇ..."

ಅವಳು ತೋಳು ಮೇಲೆತ್ತಿ ತೋರಿಸಿದಳು. ಅಲ್ಲಿ ಅವನ ಬೆರಳುಗಳ ಗುರುತು ನೀಲಿಗಟ್ಟಿತ್ತು.

"ಬೆಳಿಗ್ಗೆ ಕೂತಿದ್ರಲ್ಲ, ಸಾಕು. ಮಧ್ಯಾಹ್ನದ ಮೇಲೇ ನಾನು ನೆಮ್ಮದಿಯಾಗಿ ಊರು ನೋಡಿದ್ದು. ನಾಳೆ ಮೊದಲ್ನೇ ಸೀಟು ನಂಗೆ ಹಿಡಿದಿಡಿ. ಪಕ್ಕದ್ದೂ ಇರ್ಲಿ, ಚೀಲ ಇಡೋಕೆ ಬೇಕು."