ಏರಿಯಾದ ದೊಡ್ಡ ಸಮಸ್ಯೆ

ಜನರನ್ನು ಕೇಳಿ ತಿಳಿದುಕೊಳ್ಳಲು ಹೊರಟವರಿಗೆ ಇಂಥದ್ದು ಆಗುತ್ತಲೇ ಇರುತ್ತದೆ. ನನಗೆ ಮಾತ್ರ ಸ್ವಲ್ಪ ಜಾಸ್ತಿಯೇ ಆಯಿತು.

ತೊಂಬತ್ತರ ದಶಕದ ಕೊನೆ. ಕುಕ್ ಟೌನಿನ ಹಳೇ ಬಂಗಲೆಯೊಂದರ ಔಟ್‌ಹೌಸಿನಲ್ಲಿದ್ದ ಪುಟ್ಟ ಸಂಸ್ಥೆಯಲ್ಲಿ ನನಗೆ ಕೆಲಸ. ಬಾಣಸವಾಡಿ ರೈಲ್ವೆ ಸ್ಟೇಷನ್ ಹಿಂದೆ ಕಲಬುರ್ಗಿ ಕಡೆಯವರು ಬಾಡಿಗೆಗಿದ್ದ ವಠಾರಗಳಲ್ಲಿ, ಮನೆಗೆಲಸಕ್ಕೆ ಹೋಗುವ ಹೆಂಗಸರ ಜೊತೆ 'ಸಹಭಾಗಿ ಸಂಶೋಧನೆ'. ಅಂದರೆ ಸಮಸ್ಯೆಯನ್ನೂ ಪರಿಹಾರವನ್ನೂ ಅವರೇ ಹುಡುಕಬೇಕು, ನಾವು ಬಾಯಿ ಮುಚ್ಚಿಕೊಂಡು ಬರೆದುಕೊಳ್ಳಬೇಕು. ವಾರಕ್ಕೆರಡು ಸಲ, ಸರಿಯಾಗಿ ನಾಲ್ಕು ಗಂಟೆಗೆ ಮೀಟಿಂಗ್.

ಒಂಬತ್ತು ನಲ್ಲಿ

ಮೊದಲ ದಿನ ರಂಗೋಲಿ ಪುಡಿ ಕೊಟ್ಟು, "ನಿಮ್ಮ ಏರಿಯಾದ ನಕ್ಷೆ ಬಿಡಿಸಿ" ಅಂದೆ. ಚೆನ್ನಾಗಿಯೇ ಬಿಡಿಸಿದರು. ಎಣಿಸಿದರೆ ಒಂಬತ್ತು ನಲ್ಲಿ! ಇದ್ದದ್ದು ಒಂದೇ. ಒಬ್ಬೊಬ್ಬರೂ ತಮ್ಮ ಬಾಗಿಲ ಮುಂದೆ ಒಂದೊಂದು ಹಾಕಿಕೊಂಡಿದ್ದರು.

ಗುಂಪಿಗೆ ಹಿರಿಯಳಾದ ಅಜ್ಜಿ ನನ್ನನ್ನೇ ಗದರಿದಳು. "ಕೈಯಾಗ ಅಷ್ಟು ಪುಡಿ ಕೊಟ್ಟು, ಒಂದೇ ನಳ ಹಾಕ್ರಿ ಅಂದ್ರ ಹ್ಯಾಂಗ್ರೀ ಅಕ್ಕಾರ?"

ಸಂದರ್ಶನ

ಆಮೇಲೆ ಅವರೇ ಸಂದರ್ಶನ ಮಾಡಲು ಕಲಿಯಬೇಕಿತ್ತು. "ನನ್ನನ್ನೇ ಕೇಳಿ, ಅಭ್ಯಾಸ ಆಗ್ಲಿ" ಅಂದೆ. ಅಜ್ಜಿ ಕೇಳಿದಳು, ಏಳನೇ ಕ್ಲಾಸ್ ಓದಿದ್ದ ಅವಳ ಸೊಸೆ ಬರೆದಳು. ಮುಗಿದ ಮೇಲೆ ಹಾಳೆ ನೋಡಿದೆ. ಸಮಸ್ಯೆ: ವಯಸ್ಸಾಗಿದೆ, ಮದುವೆಯಾಗಿಲ್ಲ. ಪರಿಹಾರ: ಅಜ್ಜಿಯ ತಮ್ಮನ ಮಗ.

"ಇದೇನಜ್ಜಿ?"

"ಪರಿಹಾರ ನಮ್ಮೊಳಗೇ ಹುಡುಕಬೇಕು ಅಂತ ನೀವೇ ಹೇಳೀರಿ."

ಬೀಜ ಇಟ್ಟ ದಿನ

ವರ್ಷದ ಕೊನೆಗೆ, ಹಣ ಕೊಡುವ ವಿದೇಶಿ ಸಂಸ್ಥೆಯ ಮೇಡಂ ನಮ್ಮ ಡೈರೆಕ್ಟರ್ ಜೊತೆ ವಠಾರಕ್ಕೇ ಬಂದರು. ಅವರು ಮೆಚ್ಚಿದರೆ ಯೋಜನೆ ಮುಂದುವರಿಯುತ್ತದೆ, ಇಲ್ಲದಿದ್ದರೆ ನನ್ನ ಕೆಲಸ ಹೋಗುತ್ತದೆ. ಮನೆಯಲ್ಲಿ ಅಪ್ಪ ಫ್ಯಾಕ್ಟರಿಯಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು ಕೂತಿದ್ದರು.

ನೀರು, ಕಕ್ಕಸು, ಬೀದಿದೀಪ, ಒಂದೊಂದಕ್ಕೂ ಚಿತ್ರದ ಕಾರ್ಡು. ಬೇರೇನಾದರೂ ಇದ್ದರೆ ಅವರೇ ಬರೆಯಲಿ ಎಂದು ಒಂದು ಖಾಲಿ ಕಾರ್ಡು. ದೊಡ್ಡ ಸಮಸ್ಯೆ ಯಾವುದೋ ಅದರ ಮೇಲೆ ಹುಣಿಸೆ ಬೀಜ ಇಡಬೇಕು. ಸೊಸೆ ಖಾಲಿ ಕಾರ್ಡಿನಲ್ಲಿ ಏನೋ ಗೀಚಿದಳು. ಒಬ್ಬೊಬ್ಬರಾಗಿ ಬಂದು ಬೀಜವನ್ನೆಲ್ಲ ಅದರ ಮೇಲೇ ಸುರಿದರು. ಬಗ್ಗಿ ನೋಡಿದೆ. ಕನ್ನಡಕ, ಹೆಗಲಿಗೆ ಚೀಲ, ಎರಡು ಜಡೆ. ನಾನೇ!

"ನಳಕ್ಕ ನೀರು ಬರೋದು ನಾಲ್ಕಕ್ಕ, ನೀವು ಬರೋದೂ ನಾಲ್ಕಕ್ಕ. ನಿಮ್ಮ ಮೀಟಿಂಗ್ ಮುಗಿಯೋದ್ರಾಗ ನೀರೂ ಹೋಗಿರ್ತದ. ನೋಡ್ರಿ, ಈಗೂ ಬರಾಕತ್ತದ!" ಅಂದಳು ಅಜ್ಜಿ, ನಲ್ಲಿಯ ಕಡೆಯಿಂದ ಕಣ್ಣು ಕೀಳದೆ.

ಒಂದು ವರ್ಷ ನೀರಿನ ಬಗ್ಗೆ ಪುಟಗಟ್ಟಲೆ ಬರೆದಿದ್ದೆ. ಇದು ಮಾತ್ರ ನನ್ನ ತಲೆಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಮೇಡಂ ಅರ್ಥ ಕೇಳಿದರು. ಡೈರೆಕ್ಟರ್ ಮುಖ ನೋಡಿದೆ. "ಜನ ಹೇಳಿದ್ದಕ್ಕೆ ಒಂದಕ್ಷರ ಸೇರಿಸ್ಬಾರ್ದು, ಬಿಡ್ಬಾರ್ದು ಕಣಮ್ಮ" ಎಂದು ಕಲಿಸಿದವರೇ ಅವರು. ಆಗ ಮಾತ್ರ ಆಕಾಶ ನೋಡುತ್ತಿದ್ದರು. ಕೆಲಸ ಹೋಯಿತೆಂದುಕೊಂಡೇ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಣ ಕೊಡುವವರ ಎದುರೇ ಇಷ್ಟು ಧೈರ್ಯವಾಗಿ ಮಾತಾಡುವ ಜನರನ್ನು ಅವರು ಎಲ್ಲೂ ಕಂಡಿರಲಿಲ್ಲವಂತೆ. ಇನ್ನೂ ಮೂರು ವರ್ಷ ಮುಂದುವರಿಸಿ ಅಂದರು. ನನಗೆ ಹೋದ ಜೀವ ಬಂದ ಹಾಗಾಯಿತು. ಮೀಟಿಂಗನ್ನು ಅಲ್ಲೇ ಆರು ಗಂಟೆಗೆ ಬದಲಾಯಿಸಿ, ಅಜ್ಜಿಯ ಕೈ ಹಿಡಿದು ವಿಷಯ ಹೇಳಿದೆ.

ನೀರಿಗೆ ಹೊರಟಿದ್ದ ಅಜ್ಜಿ ಕೊಡ ಕೆಳಗಿಟ್ಟಳು. "ಬೈದಿದ್ದಕ್ಕ ಮೂರು ವರ್ಷಾ? ಮೊದ್ಲೇ ಹೇಳಬಾರದೇನ್ರೀ ಅಕ್ಕಾರ! ಮೀಟಿಂಗ್ ಭಾಳ ಚಲೋ ನಡೀತಾವ ಅಂತ ಹೇಳಿ ಇವತ್ತಿಗೇ ಮುಗಿಸಿಬಿಡ್ತಿದ್ದೆವಲ್ಲ!"